ವಿಷವಿಲ್ಲ, ಆದರೆ

ಇಪ್ಪತ್ತೆರಡು ವರ್ಷಗಳಿಂದ ಬೇರೆಯವರ ತಪ್ಪುಗಳನ್ನೇ ತಿಂದು ಬದುಕಿರುವ ಮನುಷ್ಯ ನಾನು. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಅಲ್ಪಪ್ರಾಣವೊಂದು ಗೊತ್ತಿಲ್ಲದೆ ಮಹಾಪ್ರಾಣವಾಗಿದ್ದರೆ ಅದರ ಪ್ರಾಣ ಹಿಂಡುವುದು, ಬಿಟ್ಟುಹೋದ ಒತ್ತಕ್ಷರವನ್ನು ಒತ್ತಾಯದಿಂದ ಕೂರಿಸುವುದು, ಸುಮ್ಮನೆ ಎಳೆದ ದೀರ್ಘವನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸುವುದು, ಇವೆಲ್ಲ ನನ್ನ ಕೆಂಪು ಪೆನ್ನಿನ ಪರಾಕ್ರಮಗಳು. ಇಂಥ ನನ್ನನ್ನು ಯಜಮಾನರು ಒಂದು ದಿನ ಕರೆದು, ಮುಂದಿನ ತಿಂಗಳಿಂದ ಕರಡು ವಿಭಾಗಕ್ಕೆ ನಿಮ್ಮನ್ನೇ ಮುಖ್ಯಸ್ಥರನ್ನಾಗಿ ಮಾಡುವ ಯೋಚನೆಯಿದೆ ಎಂದುಬಿಟ್ಟರು. ಮನೆಗೆ ಬರುವಷ್ಟರಲ್ಲಿ ನಾನು ಎರಡಂಗುಲ ಬೆಳೆದಿದ್ದೆ. ಬಾಗಿಲಿಗೆ ತಲೆ ತಾಗೀತೆಂದು ಬಗ್ಗಿಯೇ ಒಳಗೆ ಬಂದೆ.

ಹೆಂಡತಿಗೆ ಸಂತೋಷವಾಯಿತು. ಅವಳು ಔಷಧದಂಗಡಿಯಲ್ಲಿ ಕೆಲಸ ಮಾಡುವವಳು. ಸಂತೋಷವನ್ನೂ ಹೊತ್ತಿಗೆ ಒಂದರಂತೆ ಅಳೆದೇ ತೋರಿಸುತ್ತಾಳೆ. ರಜೆಯ ಶನಿವಾರ ತನ್ನ ತಾಯಿಯನ್ನು ಊಟಕ್ಕೆ ಕರೆಯೋಣ ಎಂದಳು. ಆಗಲೇ ನಾನು ಆ ಐತಿಹಾಸಿಕ ಘೋಷಣೆ ಮಾಡಿದ್ದು. ಅವತ್ತಿನ ಅಡುಗೆ ನನ್ನದು! ಅಡುಗೆಯೆಂದರೆ ಅಂಥಿಂಥ ಅಡುಗೆಯಲ್ಲ, ಅಣಬೆ. ಅಂಗಡಿಯಲ್ಲಿ ಡಬ್ಬಿಯೊಳಗೆ ಬೆಳ್ಳಗೆ ಬೆವರುತ್ತಾ ಕೂತಿರುವ ಅಣಬೆಯಲ್ಲ. ಚಳಿ ಕಳೆದು ಮೊದಲ ಮಳೆ ಬಿದ್ದ ಮೇಲೆ ನೀರಿನ ಟ್ಯಾಂಕಿನ ಹಿಂದಿನ ದಿಣ್ಣೆಯಲ್ಲಿ ತಾನಾಗಿ ತಲೆಯೆತ್ತುವ ಕಾಡಣಬೆ.

ಹೆಂಡತಿ ಮಾತ್ರೆಯ ಚೀಟಿ ಓದುವಂತೆ ನನ್ನ ಮುಖ ಓದಿದಳು.

"ನಾಯಿಕೊಡೆ ಅಂತಾರಲ್ಲ, ಅದೇ ತಾನೇ?"

"ಹೂಂ. ಹಾಗೂ ಅಂತಾರೆ."

"ಅದನ್ನು ನಾಯಿಗೂ ಕೊಡೆ ನಾನು. ಅಮ್ಮನಿಗೆ ಕೊಡ್ತೀನಾ?"

ಇದು ಅನ್ಯಾಯವಲ್ಲವೇ ಓದುಗರೇ? ಒಂದಕ್ಷರದ ಕಳ್ಳನನ್ನೂ ಸಾವಿರ ಪುಟದ ಕಾಡಿನಲ್ಲಿ ಹುಡುಕಿ ಹಿಡಿಯುವ ಕಣ್ಣಿಗೆ, ಅಂಗೈಯಗಲದ ಅಣಬೆಯ ಜಾತಿ ಗೊತ್ತಾಗುವುದಿಲ್ಲವೇ? ಮಗಳು ಬೇರೆ ಪಕ್ಕದಲ್ಲೇ ಕೂತು, ಅಪ್ಪನಿಗೆ ಹೋದ ವಾರ ಸೋಪಿನ ಪುಡಿಗೂ ಸಕ್ಕರೆಗೂ ವ್ಯತ್ಯಾಸ ಗೊತ್ತಾಗಿರಲಿಲ್ಲ ಎಂದು ಯಾರೂ ಕೇಳದ ಸಾಕ್ಷಿ ಹೇಳಿದಳು. ಆ ಡಬ್ಬಿಯ ಮೇಲೆ ಹೆಸರು ಬರೆದಿರಲಿಲ್ಲ ಎಂದು ನಾನು ಸಮರ್ಥಿಸಿಕೊಂಡೆ. ಬರೆದಿದ್ದರೆ ಖಂಡಿತ ಓದುತ್ತಿದ್ದೆ. ಬರೆದದ್ದನ್ನಲ್ಲದೆ ಬೇರೇನನ್ನೂ ನಂಬದವನು ನಾನು!

ಆದ್ದರಿಂದಲೇ ಗ್ರಂಥಾಲಯಕ್ಕೆ ಹೋಗಿ ಅಣಬೆಗಳ ಬಗ್ಗೆ ಒಂದು ಪುಸ್ತಕ ತಂದೆ. ನಿವೃತ್ತ ಅರಣ್ಯಾಧಿಕಾರಿಯೊಬ್ಬರು ಬರೆದದ್ದು. ಮೊದಲ ನಾಲ್ಕು ಪುಟಗಳನ್ನು ಯಾರೋ ಪುಣ್ಯಾತ್ಮರು ಕಿತ್ತುಕೊಂಡಿದ್ದರು. ಉಳಿದದ್ದಕ್ಕೆ ಗ್ರಂಥಾಲಯದವರು ಗಟ್ಟಿ ರಟ್ಟು ಹಾಕಿಸಿದ್ದರು. ನೂರಾ ಹನ್ನೆರಡನೆಯ ಪುಟದಲ್ಲಿ ಕಂದು ಟೊಪ್ಪಿಗೆ ಅಣಬೆ ಎಂದು ಚಿತ್ರ ಸಮೇತ ಇತ್ತು. ದಿಣ್ಣೆಯಲ್ಲಿ ನಾನು ಕಂಡದ್ದು ಅದನ್ನೇ! ಕೆಳಗೆ ಹೀಗೆ ಬರೆದಿತ್ತು: 'ವಿಷವಿಲ್ಲ, ಆದರೆ ರುಚಿ ಬಹಳ ಸಿಹಿ. ಒಂದು ಬಿದ್ದರೂ ಇಡೀ ಪಾತ್ರೆಯ ರುಚಿಯೇ ಬದಲಾಗುತ್ತದೆ.'

ಪುಸ್ತಕವನ್ನು ಹೆಂಡತಿಯ ಮೂಗಿನ ಕೆಳಗೆ ಹಿಡಿದೆ. ಅವಳು ಎರಡು ಸಲ ಓದಿದಳು.

"ರೀ, ವಿಷವಿಲ್ಲ, ಆದರೆ ಸಿಹಿ ಅಂದ್ರೆ ಏನರ್ಥ? ಈ 'ಆದರೆ' ಯಾಕೆ ಬಂತು ಇಲ್ಲಿ?"

ಲೇಖಕರು 'ಆದರೆ'ಯನ್ನು ಉಪ್ಪಿನ ಹಾಗೆ ಎಲ್ಲೆಂದರಲ್ಲಿ ಉದುರಿಸುತ್ತಾರೆ ಎಂದು ತಿಳಿಹೇಳಿದೆ. ಅಲ್ಲದೆ ಅರ್ಥ ನನ್ನ ಇಲಾಖೆಯೇ ಅಲ್ಲ. ನಮ್ಮ ಕಸುಬಿನಲ್ಲಿ ಅರ್ಥ ಓದಿದವನು ಕೆಟ್ಟ. ಕಥೆ ಎಲ್ಲಿಗೆ ಬಂತೆಂದು ನೋಡಲು ಹೋದರೆ ಕೊಂಬು ಎಲ್ಲಿ ಬಿತ್ತೆಂದು ಕಾಣುವುದಿಲ್ಲ. ಈವರೆಗೆ ನಾನು ಸಾವಿರಾರು ಪುಸ್ತಕ ಓದಿದ್ದೇನೆ. ಒಂದರಲ್ಲಾದರೂ ಏನಿತ್ತೆಂದು ಕೇಳಿ, ದೇವರಾಣೆಗೂ ಹೇಳಲಾರೆ. ಅದೇ ನನ್ನ ಶ್ರೇಷ್ಠತೆ!

ಹೆಂಡತಿ ಬಗ್ಗಲಿಲ್ಲ. ಪಕ್ಕದ ಬೀದಿಯ ಸಸ್ಯಶಾಸ್ತ್ರದ ಮೇಷ್ಟ್ರಿಗೆ ತೋರಿಸದೆ ಒಲೆ ಹಚ್ಚಕೂಡದೆಂದು ಕಟ್ಟಪ್ಪಣೆ ಮಾಡಿದಳು. ಶನಿವಾರ ಬೆಳಗ್ಗೆ ಇಬ್ಬನಿಯಲ್ಲಿ ಮೊಣಕಾಲವರೆಗೆ ನೆನೆದು, ಬೇಲಿಯ ಮುಳ್ಳಿಗೆ ಹೊಸ ಷರಟಿನ ತೋಳೊಂದನ್ನು ಕಾಣಿಕೆಯಾಗಿ ಕೊಟ್ಟು, ನಲವತ್ತು ಅಣಬೆ ಕಿತ್ತು ಬುಟ್ಟಿ ತುಂಬಿಕೊಂಡು ಮೇಷ್ಟ್ರ ಮನೆಗೆ ನಡೆದೆ. ಅವರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹೊರಗೆ ಬಂದರು. ಒಂದೊಂದು ಅಣಬೆಯನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಉಗುಳಿ ಬಂದು ಹೇಳಿದರು.

"ಎಲ್ಲಾ ಒಂದೇ ಜಾತಿ. ಇದರಲ್ಲಿ ವಿಷ ಇಲ್ಲ. ಆದರೆ..."

ಮತ್ತೆ ಅದೇ 'ಆದರೆ'! ಪುಸ್ತಕದ ಮಾತನ್ನೇ ಅಕ್ಷರಶಃ ಹೇಳಲು ಹೊರಟಿದ್ದಾರೆ. ಗೊತ್ತಿರುವುದನ್ನು ಎರಡನೇ ಸಲ ಕೇಳಲು ನನಗೆಲ್ಲಿದೆ ಪುರುಸೊತ್ತು? ಬುಟ್ಟಿ ಕಿತ್ತುಕೊಂಡು, "ಗೊತ್ತು ಮೇಷ್ಟ್ರೇ, ಗೊತ್ತು" ಎಂದು ಗೇಟು ದಾಟಿದೆ. ಹಿಂದೆ ಅವರೇನೋ ಕೂಗಿದಂತಾಯಿತು. ಊಟಕ್ಕೆ ಕರೆಯಲಿಲ್ಲವೆಂದು ಬೇಸರವಿರಬೇಕು, ಪಾಪ.

ಆಮೇಲಿನದು ಅಡುಗೆಯಲ್ಲ, ದಂಡಯಾತ್ರೆ. ಅಣಬೆ ತೊಳೆದ ನೀರು ನೆಲಕ್ಕೆ, ಈರುಳ್ಳಿ ಸಿಪ್ಪೆ ಕಿಟಕಿಗೆ, ಬೆಳ್ಳುಳ್ಳಿ ಎಲ್ಲೋ ಅಂತರ್ಧಾನ. ಬಾಣಲೆಗೆ ಅಣಬೆ ಬೀಳುತ್ತಿದ್ದಂತೆ ಎಣ್ಣೆ ಸಿಡಿದು ಎದುರಿನ ಕಪಾಟಿನ ಹಲಗೆಗೆಲ್ಲ ಅಭ್ಯಂಜನವಾಯಿತು. ಹಾಲಿನ ಕೆನೆ ಹಾಕಿದೆ, ಮೆಣಸು ಕುಟ್ಟಿ ಹಾಕಿದೆ. ಘಮ ಎಂದರೆ ಅದು ಘಮ! ಮಗಳು ಕೂಡ ಒಂದು ಕ್ಷಣ ಶತ್ರುತ್ವ ಮರೆತು ಬಾಗಿಲಲ್ಲಿ ಬಂದು ನಿಂತಳು. ರುಚಿ ನೋಡಿ ಅಂದಳು. ರುಚಿ ನೋಡುವುದೆಂದರೆ ಅನುಮಾನ ಎಂದರ್ಥ. ಅಚ್ಚಾದ ಮಾತಿನ ಮೇಲೆ ಅನುಮಾನವೇ?

ಒಂದು ಗಂಟೆಗೆ ಸರಿಯಾಗಿ ಬಡಿಸಿದೆ. ಅತ್ತೆಗೆ ಎರಡು ದೊಡ್ಡ ಸೌಟು, ಪಕ್ಕದಲ್ಲಿ ಬ್ರೆಡ್ಡು. ನಮ್ಮತ್ತೆ ಅಳಿಯನ ಎದುರು ಗಟ್ಟಿಯಾಗಿ ಕೆಮ್ಮಿದವರೂ ಅಲ್ಲ. ಮೊದಲ ತುತ್ತು ಬಾಯಿಗಿಟ್ಟರು. ಅಗಿದರು. ಅಗಿಯುವುದನ್ನು ನಿಲ್ಲಿಸಿದರು. ಕಣ್ಣು ನಿಧಾನವಾಗಿ ತುಂಬಿ ಬಂತು. ಅಳಿಯನ ಕೈಯಡುಗೆಗೆ ಆನಂದಬಾಷ್ಪ ಎಂದು ನಾನು ಪುಳಕಗೊಂಡೆ.

"ಹೇಗಿದೆ ಅತ್ತೆ?"

ಅವರು ಕಷ್ಟಪಟ್ಟು ನುಂಗಿ, ಒಂದು ಲೋಟ ನೀರು ಪೂರ್ತಿ ಕುಡಿದು ಹೇಳಿದರು: "ಚೆನ್ನಾಗಿದೆ ಅಳಿಯಂದ್ರೇ. ಆದರೆ..."

ಅಷ್ಟರಲ್ಲಿ ನನ್ನ ಬಾಯಿಗೂ ಒಂದು ತುತ್ತು ಹೋಗಿತ್ತು.

ಕಹಿ! ಕಹಿ ಎಂದರೆ ಎಂಥ ಕಹಿ! ಹೆಂಡತಿಯ ಅಂಗಡಿಯಲ್ಲಿರುವ ಜ್ವರದ ಮಾತ್ರೆಗಳನ್ನೆಲ್ಲ ಅರೆದು ಲೇಹ್ಯ ಮಾಡಿ ನಾಲಿಗೆಗೆ ಬಳಿದಂಥ ಕಹಿ. ಕಿವಿಯವರೆಗೂ ಕಹಿಯಾಯಿತು. ಮಗಳು ಬಚ್ಚಲಿಗೆ ಓಡಿದಳು. ಹೆಂಡತಿ ಓಡಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ, ಮೇಷ್ಟ್ರಿಗೆ ಫೋನು ಮಾಡಿದಳು. ಅವರು ಹೇಳಿದ್ದು ನಮಗೆಲ್ಲ ಕೇಳಿಸಿತು. ಹೆದರಬೇಡಿ ತಾಯಿ, ಅದು ಕಹಿ ಅಣಬೆ, ವಿಷವಲ್ಲ, ಆದರೆ ಯಾರೂ ತಿನ್ನೋದಿಲ್ಲ. ನಿಮ್ಮ ಯಜಮಾನರಿಗೆ ಬೀದಿ ತಿರುಗೋವರೆಗೂ ಕೂಗಿ ಹೇಳಿದೆ, 'ಗೊತ್ತು ಗೊತ್ತು' ಅಂದ್ಕೊಂಡೇ ಹೋದರು.

ಬೇರೆ ಯಾರಾದರೂ ಆಗಿದ್ದರೆ ನಾಚಿಕೆಯಿಂದ ತಲೆ ತಗ್ಗಿಸುತ್ತಿದ್ದರು. ನಾನು ಪುಸ್ತಕ ತೆಗೆದೆ. ನೂರಾ ಹನ್ನೆರಡನೆಯ ಪುಟ. ಇಪ್ಪತ್ತೆರಡು ವರ್ಷಗಳ ಅನುಭವದ ಕಣ್ಣು ಒಂದೇ ನೋಟಕ್ಕೆ ಅಪರಾಧಿಯನ್ನು ಹಿಡಿಯಿತು. 'ಕಹಿ' ಇರಬೇಕಾದ ಜಾಗದಲ್ಲಿ 'ಸಿಹಿ' ಕೂತಿದೆ! ಇದು ಬರೆದವರ ತಪ್ಪಲ್ಲ. ಅವರ ಪರವಾಗಿ ಆ 'ಆದರೆ' ನಿಂತು ಸಾಕ್ಷಿ ಹೇಳುತ್ತಿದೆ. ಅಚ್ಚಿಗೆ ಅಕ್ಷರ ಜೋಡಿಸಿದವನ ತಪ್ಪೂ ಅಲ್ಲ. ಅವನು ತಪ್ಪು ಮಾಡುವುದಕ್ಕೇ ಇರುವವನು. ಇದು ಕರಡು ತಿದ್ದಿದವನ ತಪ್ಪು! ಯಾವನೋ ನನ್ನ ಕಸುಬಿನವನು, ನನ್ನ ಕುಲಗೇಡಿ, ಕೆಂಪು ಪೆನ್ನಿಗೆ ಮಸಿ ಬಳಿದ ದ್ರೋಹಿ!

ನನ್ನ ರಕ್ತ ಕುದಿಯಿತು. ಹೆಂಡತಿಯ ಮುಂದೆ ನನ್ನ ಮಾನ, ಅತ್ತೆಯ ನಾಲಿಗೆ, ಷರಟಿನ ತೋಳು, ಎಲ್ಲವನ್ನೂ ಒಂದೇ ಏಟಿಗೆ ತೆಗೆದ ಆ ಮಹಾನುಭಾವನನ್ನು ಸುಮ್ಮನೆ ಬಿಡುವುದೇ? ಪುಸ್ತಕದ ಕೊನೆಯಲ್ಲಿ ಲೇಖಕರ ವಿಳಾಸವಿತ್ತು. ಕೂತಲ್ಲೇ, ಮನೆಮಂದಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿಕೊಳ್ಳುತ್ತಾ ಮೂರು ಪುಟದ ಪತ್ರ ಬರೆದೆ. 'ಮಾನ್ಯರೇ, ತಮ್ಮ ಕೃತಿಯ ಕರಡು ತಿದ್ದಿದ ಮಹಾಶಯರಿಗೆ ಕಣ್ಣಿದೆಯೆ? ಕಣ್ಣಿದ್ದರೆ ಅದರ ಹಿಂದೆ ಏನಾದರೂ ಇದೆಯೆ? ಅಕ್ಷರ ಕಂಡು ಅರ್ಥ ಕಾಣದ ಇಂಥವರನ್ನು ಮುದ್ರಣಾಲಯದವರು ಒಂದು ದಿನವೂ ಇಟ್ಟುಕೊಳ್ಳದೆ ಕೆಲಸದಿಂದ ಕಿತ್ತೊಗೆಯಬೇಕು.' ಕೊನೆಗೆ ಹೆಸರು ಹಾಕಲಿಲ್ಲ. ಮುಂದಿನ ತಿಂಗಳು ವಿಭಾಗದ ಮುಖ್ಯಸ್ಥನಾಗುವವನು ಕಹಿ ಅಣಬೆ ತಿಂದ ಸುದ್ದಿ ಊರೆಲ್ಲ ಹರಡುವುದು ಬೇಡ. 'ನೊಂದ ಓದುಗ' ಎಂದಷ್ಟೇ ಸಹಿ ಮಾಡಿ, ಬೀದಿ ಮೂಲೆಯ ಅಂಚೆ ಡಬ್ಬಿಗೆ ಹಾಕಿ ಬಂದೆ. ಪತ್ರ ಒಳಗೆ ಬಿದ್ದ ಸದ್ದಿಗೆ ಬಾಯಿಯ ಕಹಿ ಅರ್ಧ ಇಳಿಯಿತು.

ಮನೆಗೆ ಬಂದರೆ ಹೆಂಡತಿ ಸ್ಟೂಲು ಹತ್ತಿ ನಾನು ಎಣ್ಣೆ ಅಭಿಷೇಕ ಮಾಡಿದ್ದ ಕಪಾಟನ್ನು ಒರೆಸುತ್ತಿದ್ದಳು. ನಮ್ಮ ಮನೆಯಲ್ಲಿ ಕಪಾಟಿನ ಹಲಗೆಗಳಿಗೆಲ್ಲ ಮುದ್ರಣಾಲಯದ ಹಳೆಯ ಕರಡು ಹಾಳೆಗಳನ್ನೇ ಹಾಸುವುದು. ಕೆಲಸ ಮುಗಿದ ಹಾಳೆಗಳನ್ನು ನಾನೇ ಕಟ್ಟುಗಟ್ಟಲೆ ತಂದಿಡುತ್ತೇನೆ. ಉಪ್ಪಿನ ಭರಣಿ ಎತ್ತಿ, ಎಣ್ಣೆ ಕುಡಿದ ಹಾಳೆಯನ್ನು ಎಳೆದವಳು ಹಾಗೇ ನಿಂತುಬಿಟ್ಟಳು.

"ರೀ, ಇಲ್ಲಿ ಬನ್ನಿ. ಇದು ಯಾರ ಕೈಬರಹ?"

ನೋಡಿದೆ. ಎಣ್ಣೆಯಲ್ಲಿ ನೆನೆದು ಕನ್ನಡಿಯಂತಾದ ಹಾಳೆ. ಅದರಲ್ಲಿ ಕಂದು ಟೊಪ್ಪಿಗೆ ಅಣಬೆಯ ಚಿತ್ರ! ಕೆಳಗೆ, 'ವಿಷವಿಲ್ಲ, ಆದರೆ ರುಚಿ ಬಹಳ ಕಿಹಿ.' ಜೋಡಿಸಿದವನು 'ಕಹಿ'ಗೆ ಒಂದು ಗುಡಿಸು ಹೆಚ್ಚು ಕೊಟ್ಟಿದ್ದ. ಸಿಹಿಯೂ ಅಲ್ಲ, ಕಹಿಯೂ ಅಲ್ಲ, ಕಿಹಿ. ಅವನಿಗೇ ಅನುಮಾನ ಬಂದು ಪಕ್ಕದಲ್ಲಿ ಪೆನ್ಸಿಲಿನಲ್ಲಿ 'ಮೂಲ ಪ್ರತಿ ನೋಡಬೇಕೆ?' ಎಂದು ಕೇಳಿದ್ದ. ಅದರ ಕೆಳಗೆ ಕೆಂಪು ಮಸಿ. 'ಕಿ'ಗೆ ಸುತ್ತು ಹಾಕಿ, ಅಂಚಿನಲ್ಲಿ ದುಂಡಗೆ 'ಸಿ' ಎಂದು ಬರೆದು, ಮುಂದೆ ಉತ್ತರ: 'ಅಗತ್ಯವಿಲ್ಲ. ಸ್ಪಷ್ಟವಾಗಿದೆ.'

ಆ ದುಂಡು ಅಕ್ಷರ ಇಡೀ ಜಗತ್ತಿನಲ್ಲಿ ಒಬ್ಬನದೇ. ಪುಸ್ತಕ ನಮ್ಮಲ್ಲೇ ಅಚ್ಚಾದಾಗಿನಿಂದ ಆರು ವರ್ಷ ಆ ದುಂಡು 'ಸಿ' ನನ್ನದೇ ಉಪ್ಪಿನ ಭರಣಿಯ ಕೆಳಗೆ ನನಗಾಗಿ ಕಾದು ಕೂತಿತ್ತು!

ಹೆಂಡತಿ ನಗಲಿಲ್ಲ. ನಕ್ಕಿದ್ದರೆ ಸಹಿಸಬಹುದಿತ್ತು. "ಕಿತ್ತೊಗೆಯಬೇಕು ಅಂತ ಬರೆದ್ರಲ್ಲ," ಎಂದಳು ಮೆಲ್ಲಗೆ, "ಪೋಸ್ಟ್ ಮಾಡಿಬಿಟ್ರಾ?"

ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ಅಂಚೆ ಡಬ್ಬಿಗೆ ಕೈ ತೂರಿಸಿದೆ. ಉಳಿದಿದ್ದ ತೋಳೂ ಅಲ್ಲೇ ಹರಿಯಿತು. ಆ ದಾರಿಯಲ್ಲಿ ಬಂದ ಮೇಷ್ಟ್ರು ಮೊಣಕೈವರೆಗೆ ಡಬ್ಬಿಯಲ್ಲಿ ಸಿಕ್ಕಿಕೊಂಡಿದ್ದ ನನ್ನನ್ನು ನೋಡಿ ನಿಂತರು.

"ಅಂಚೆಯವರು ಕಾಗದಗಳನ್ನೆಲ್ಲ ಆಗಲೇ ತೆಗೆದುಕೊಂಡು ಹೋದರು. ಆದರೆ..." ಎಂದು ಶುರುಮಾಡಿದವರು, ಈ ಸಲ ನಾನು ಪೂರ್ತಿ ಕೇಳುವವನಂತೆ ನಿಂತದ್ದನ್ನು ಕಂಡು, ಏನು ಹೇಳಬೇಕೆಂದು ಹೊಳೆಯದೆ ಹೊರಟುಹೋದರು.

ನಾಲ್ಕು ದಿನ ಏನೂ ಆಗಲಿಲ್ಲ. ಐದನೆಯ ದಿನ ಯಜಮಾನರು ಕರೆದರು. ಮೇಜಿನ ಮೇಲೆ ನನ್ನ ಮೂರು ಪುಟಗಳು. ಮೇಲೆ ಲೇಖಕರ ಒಂದು ಸಾಲು: ಹಸ್ತಪ್ರತಿಯಲ್ಲಿ ತಾವು ಕಹಿ ಎಂದೇ ಬರೆದಿದ್ದರಂತೆ, ಮುಂದಿನದು ಮುದ್ರಣಾಲಯಕ್ಕೆ ಬಿಟ್ಟದ್ದಂತೆ. ಯಜಮಾನರು ಕನ್ನಡಕ ಏರಿಸಿ, 'ಕಣ್ಣಿದ್ದರೆ ಅದರ ಹಿಂದೆ ಏನಾದರೂ ಇದೆಯೆ' ಎಂಬಲ್ಲಿಂದ ಕೊನೆಯವರೆಗೂ ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದರು. ಎಂಥ ಪ್ರಖರ ಶೈಲಿ! ಅದು ನನ್ನ ಮೇಲೆಯೇ ಪ್ರಯೋಗವಾಗುತ್ತಿರುವಾಗಲೂ ಮೆಚ್ಚದಿರಲು ಆಗಲಿಲ್ಲ.

"ಕೆಲಸದಿಂದ ತೆಗೀಬೇಕಂತೆ. ಏನ್ಮಾಡೋಣ?"

"ಓದುಗರು ಏನೋ ಸಿಟ್ಟಿನಲ್ಲಿ ಬರೆದಿದಾರೆ ಸಾರ್. ಅಷ್ಟೊಂದು ಗಂಭೀರವಾಗಿ ತಗೋಬಾರದು."

"ಹಾಗಂತೀರಾ?" ಅವರು ಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು, ಮೇಷ್ಟ್ರು ಅಣಬೆ ನೋಡಿದ ಹಾಗೆಯೇ. "ಮೂರು ಪುಟ ಬರೆದಿದಾರೆ. ಒಂದೇ ಒಂದು ತಪ್ಪಿಲ್ಲ. ಅಕ್ಷರವೂ ದುಂಡಗಿದೆ."

ನಾನು ನೆಲ ನೋಡಿದೆ. ನೆಲದಲ್ಲೂ ಒಂದು ತಪ್ಪು ಸಿಗಲಿಲ್ಲ.

"ಮುಖ್ಯಸ್ಥರಾದ ಮೇಲೆ ಇಂಥ ಪತ್ರಕ್ಕೆಲ್ಲ ನೀವೇ ಉತ್ತರ ಬರೀಬೇಕಲ್ಲ, ಇದರಿಂದಲೇ ಶುರು ಮಾಡಿ. ತಪ್ಪಾಯ್ತು, ಇನ್ನು ಮುಂದೆ ಅರ್ಥವನ್ನೂ ಓದ್ತೀವಿ ಅಂತ ಬರೀರಿ," ಎಂದು ಪತ್ರವನ್ನು ನನ್ನ ಕೈಗಿಟ್ಟರು. "ವಿಳಾಸ ಕೊಟ್ಟಿಲ್ಲ ಅಂತ ಯೋಚನೆ ಮಾಡಬೇಡಿ. ಮನೆಗೆ ಹೋಗ್ತೀರಲ್ಲ, ನೀವೇ ಕೈಯಲ್ಲಿ ಕೊಟ್ಟುಬಿಡಿ."