ಮೂರನೆಯವನು ಆಡಿದನೇ?

ತಮ್ಮ ಕೆಲಸವನ್ನು ಒಂದೇ ಶಬ್ದದಲ್ಲಿ ಹೇಳಬಲ್ಲವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮಾಸ್ತರ ಎಂದರೆ ಮುಗಿಯಿತು, ನರ್ಸ್ ಎಂದರೆ ಮುಗಿಯಿತು. ಕೇಳಿದವರು ತಲೆಯಾಡಿಸಿ ಮುಂದಿನ ಮಾತಿಗೆ ಹೋಗುತ್ತಾರೆ. ನಾನೋ ಗೋಕಾಕದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕುಳಿತು, ಒಂದು ಕ್ರೀಡಾ ವಿಶ್ವಕೋಶಕ್ಕಾಗಿ ಹಳೆಯ ಪಂದ್ಯಾವಳಿಗಳ ಮೇಲೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತೇನೆ. ಇದನ್ನು ಕೇಳಿದ ಮೇಲೆ ಯಾರೂ ತಲೆಯಾಡಿಸಿದ್ದಿಲ್ಲ. ಹಾಗಾಗಿ ಬರೆಯುವ ಕೆಲಸ ಎಂದಷ್ಟೇ ಹೇಳಿ ಒಳಗೆ ಹೋಗಿಬಿಡುತ್ತೇನೆ. ನಾನು ಮಿತಭಾಷಿ ಎಂಬ ಹೆಸರು ಅರ್ಧದಷ್ಟಾದರೂ ಬಂದದ್ದು ಹೀಗೆ.

ಈಚೆಗೆ ನನ್ನ ಪಾಲಿಗೆ ಬಂದದ್ದು ಕೆಲವು ದಶಕಗಳ ಹಿಂದೆ ನಡೆದ ಪುರುಷರ ಅಂತರರಾಷ್ಟ್ರೀಯ ತಂಡ ಸ್ಕ್ವಾಷ್ ಪಂದ್ಯಾವಳಿ. ಸ್ಕ್ವಾಷ್ ಅಂಗಳವನ್ನು ನಾನು ಕಣ್ಣಾರೆ ಕಂಡವಳಲ್ಲ. ಕೋಣೆಯೊಳಗೆ ಇಬ್ಬರು ನಿಂತು ಒಂದೇ ಗೋಡೆಗೆ ಚೆಂಡು ಹೊಡೆಯುತ್ತಾರೆ ಎಂದು ಅವ್ವನಿಗೆ ವಿವರಿಸಿದೆ. ಅಷ್ಟಕ್ಕೆ ದೇಶದೇಶಗಳಿಂದ ಯಾಕೆ ಬರಬೇಕು, ಅವರವರ ಮನೆಯಲ್ಲಿ ಗೋಡೆ ಇರಲಿಲ್ಲವೇ ಎಂದು ಕೇಳಿದಳು.

ನನ್ನ ಸಂಕಟ ಬೇರೆಯೇ ಇತ್ತು. ಒಂದೊಂದು ದೇಶದ ಪರವಾಗಿ ಮೂವರು ಆಡುತ್ತಾರೆ. ಮೂರರಲ್ಲಿ ಎರಡು ಆಟ ಗೆದ್ದ ದೇಶಕ್ಕೆ ಜಯ. ಒಂದು ಪಂದ್ಯದಲ್ಲಿ ಸಣ್ಣ ದೇಶವೊಂದು ಮೊದಲಿನ ಎರಡನ್ನೂ ಸೋತು, ಫಲಿತಾಂಶ ಅಲ್ಲಿಗೇ ತೀರ್ಮಾನವಾಗಿತ್ತು. ಅದರ ಮೂರನೆಯವನು ಆಡಿ ಸೋತನೆಂದು ಒಂದು ವರದಿ, ಅವನ ಆಟ ನಡೆಯಲೇ ಇಲ್ಲವೆಂದು ಇನ್ನೊಂದು. ಬೇರೆ ಯಾರಾದರೂ ಒಂದನ್ನು ಆರಿಸಿಕೊಂಡು ಮುಂದೆ ಹೋಗುತ್ತಿದ್ದರು. ನನ್ನಿಂದ ಆಗಲಿಲ್ಲ. ಸಮುದ್ರ ದಾಟಿ ಬಂದವನು ಆಡಿದನೋ, ಚೀಲ ಬಿಚ್ಚದೆ ಮರಳಿದನೋ ಎಂಬ ಚಿಂತೆ ಊಟದ ತಾಟಿನ ಮುಂದೆಯೂ ಬಂದು ಕೂರುತ್ತಿತ್ತು.

ಇಂಥ ಹೊತ್ತಿನಲ್ಲಿ ಮೂಡಲಗಿಯ ಸೋದರಮಾವ ಹುಕ್ಕೇರಿಯಿಂದ ಒಂದು ಸಂಬಂಧ ತಂದ. ಬೇಡವೆನ್ನುವುದೆಂದು ನಾನು ಮೊದಲೇ ತೀರ್ಮಾನಿಸಿದ್ದೆ. ಹುಡುಗನ ಬಗ್ಗೆ ನನ್ನ ದೂರೇನೂ ಇರಲಿಲ್ಲ. ನಾನು ಬರೆಯಲೆಂದು ಮುಚ್ಚಿಕೊಂಡ ಬಾಗಿಲನ್ನು ಕಂಡು ಸುಮ್ಮನೆ ಮುಂದೆ ಹೋಗುವ ಜನ ಯಾವ ಮನೆಯಲ್ಲೂ ಇರಲಾರರೆಂಬುದು ನನ್ನ ಅನುಮಾನ. ಈ ಮನೆಯಲ್ಲಿ ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದೇನೆ, ಇನ್ನೊಂದರಲ್ಲಿ ಮೊದಲಿನಿಂದ ಶುರುಮಾಡುವ ಶಕ್ತಿ ಇಲ್ಲ. ಬೇಡವೆನ್ನುವವಳು ನೋಡಿದ ಮೇಲೆ ಅನ್ನು, ಹೊರಟು ನಿಂತವರಿಗೆ ಬರಬೇಡಿ ಎನ್ನಲೇ ಎಂದಳು ಅವ್ವ.

ನಮ್ಮ ಮಂದಿಯಲ್ಲಿ ಮೊದಲ ಸಲ ಬರುವವರು ಗಂಡಸರಷ್ಟೇ. ಹುಡುಗ, ಅವನ ಕಾಕಾ, ನಡುವೆ ನಮ್ಮ ಮಾವ. ಮೂವರೂ ಸಾಲಾಗಿ ಒಂದೇ ಗೋಡೆಗೆ ಮುಖಮಾಡಿ ಕುಳಿತಿದ್ದರು. ಚಹಾದ ತಾಟು ಹಿಡಿದು ಬಂದ ನನಗೆ ನಗು ತಡೆಯುವುದೇ ದೊಡ್ಡ ಕೆಲಸವಾಯಿತು. ಅವಲಕ್ಕಿ ಆಯಿತು, ಕರದಂಟು ಆಯಿತು. ಕಾಕಾ ಹೆಸರು ಕೇಳಿದರು, ಓದು ಕೇಳಿದರು. ಒಂದೊಂದು ಶಬ್ದದಲ್ಲಿ ಮುಗಿಸಿದೆ. ಕೆಲಸ ಕೇಳಿದರು, ಬರೆಯುವುದು ಎಂದೆ. ಅಷ್ಟಕ್ಕೆ ಬಿಡದೆ, ಸದ್ಯ ಏನು ಬರೆಯುತ್ತಿದ್ದೀ ಎಂದು ಕೇಳಿದರು.

ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಮುಂದೆ ನಡೆದದ್ದಕ್ಕೆ ನಾನು ಪೂರ್ತಿ ಹೊಣೆಯಲ್ಲ. ಕರದಂಟಿನ ತುಂಡುಗಳನ್ನು ಆಟಗಾರರಂತೆ ಜೋಡಿಸಿ ಆ ಪಂದ್ಯವನ್ನೆಲ್ಲ ಹೇಳಿದೆ. ಮಾವ ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದ, ಕಂಡರೂ ನಿಲ್ಲಿಸಲಾಗಲಿಲ್ಲ. ಎರಡು ವರದಿಗಳ ಜಗಳಕ್ಕೆ ಬಂದಾಗ ಕಾಕಾ ಕಪ್ಪನ್ನು ಕೆಳಗಿಟ್ಟರು.

"ಆಡಿಸೇ ಇರ್ತಾರ ಬಿಡು ತಂಗಿ. ಅಷ್ಟ ದೂರದಿಂದ ಬಂದಾಂವನ್ನ ಹಂಗ ಹೆಂಗ ಕಳಸ್ತಾರ? ನೀವು ನಮ್ಮನ್ನ ಚಹಾ ಕುಡಸದ ಕಳಸ್ತೀರೇನು?"

"ಚಹಾ ಬ್ಯಾರೆ, ಆಟ ಬ್ಯಾರೆ ಬಿಡ್ರಿ ಕಾಕಾ," ಎಂದ ಮಾವ, ಹೇಗಾದರೂ ಮಾತನ್ನು ಮದುವೆಯತ್ತ ಎಳೆಯಲು.

"ಅದೆಂಗ ಬ್ಯಾರೆ? ಸೋತಾಂವಗೂ ಒಂದ ಮಾನ ಅಂತ ಇರ್ತೈತಲ್ಲ."

ಆವರೆಗೆ ಅವಲಕ್ಕಿಗಷ್ಟೇ ಬಾಯಿ ತೆರೆದಿದ್ದ ಹುಡುಗ, ಮಾವನ ಆಚೆಯಿಂದ ಸ್ವಲ್ಪ ಬಾಗಿ ನನ್ನ ಕಡೆ ನೋಡಿದ.

"ಆಡಿದ್ರ ಆವತ್ತ ಅಂವಾ ಛಲೋನ ಆಡಿರಬೇಕ್ರಿ. ಎರಡು ಸೋತ ಮ್ಯಾಲ ಮೂರನೆಯಾಂವನ್ನ ಯಾರೂ ನೋಡೂದಿಲ್ಲ. ಯಾರೂ ನೋಡದಿದ್ರ ಕೆಲಸ ಹಗೂರ ಆಗತೈತಿ."

ಹಿಂದಿನ ಕೋಣೆಯ ಬಾಗಿಲು ಯಾಕೆ ಮುಚ್ಚಬೇಕೆಂದು ನಾನು ಅವ್ವನಿಗೆ ಹೇಳಲು ಹೆಣಗಿದ್ದು ಇದನ್ನೇ. ಇವನು ಅದನ್ನು ಸ್ಕ್ವಾಷ್ ಮೇಲೆ ಹೊರಿಸಿ ಹೇಳಿ, ಮತ್ತೆ ಅವಲಕ್ಕಿಗೆ ಮರಳಿದ. ಮಾವನ ಕಣ್ಣು ತಪ್ಪಿಸಿ ನಾನು ಮತ್ತೊಮ್ಮೆ ಅವನನ್ನು ನೋಡಿದೆ.

ಮಾವನನ್ನು ಬಿಟ್ಟು ಉಳಿದಿಬ್ಬರು ಹೋದ ಮೇಲೆ ಅವ್ವ ಅಡುಗೆಮನೆಗೆ ಬಂದು, ಬೇಡ ಅಂತಲೇ ಹೇಳಿಬಿಡಲೇ ಎಂದು ಕೇಳಿದಳು. ನಾನು ಹೇಳಿದ್ದು ಇಷ್ಟು: ಬೇಡ ಎನ್ನಲು ಖಾತ್ರಿ ಇಲ್ಲ, ಬೇಕು ಎನ್ನಲೂ ಇಲ್ಲ, ಇನ್ನೊಮ್ಮೆ ಮಾತಾಡಿ ನೋಡಬೇಕು. ಶಬ್ದಶಃ ಇಷ್ಟೇ. ಅವ್ವ ಅದನ್ನು ಹೊತ್ತು ಪಡಸಾಲೆ ದಾಟುವಷ್ಟರಲ್ಲಿ ಏನಾಯಿತೋ, ಮಾವನಿಗೆ ಮುಟ್ಟಿದ್ದು ಬೇರೆ.

"ಹುಡುಗಿ ಹೂಂ ಅಂದಾಳ ನೋಡಪಾ."

ಮಾವ ಪಡಸಾಲೆಯ ಬಾಗಿಲಲ್ಲೇ ಫೋನು ತೆಗೆದ. ಹುಕ್ಕೇರಿಯವರ ಗಾಡಿ ಪಕ್ಕದ ಕೊಣ್ಣೂರ ದಾಟುವ ಮೊದಲೇ ಸುದ್ದಿ ಅವರನ್ನು ಹಿಡಿಯುವಂತಿತ್ತು. ಆಡಿದ ಮಾತೇ ಒಂದು, ವರದಿಯೇ ಇನ್ನೊಂದು. ಇಂಥದ್ದನ್ನು ನಾನು ಸಹಿಸುವವಳೇ ಅಲ್ಲ. ಕೂಡಲೇ ತಿದ್ದಬೇಕೆಂದು ದಡದಡ ಪಡಸಾಲೆಗೆ ಬಂದೆ. ಮಾವ ಫೋನಿಗೆ ಕೈ ಅಡ್ಡ ಹಿಡಿದು ನಿಂತ. ಅವ್ವ ಏನು ಎಂಬಂತೆ ನೋಡಿದಳು.

"ತಾಟು ತಗೀಲೇನವ್ವಾ?" ಎಂದು ಕೇಳಿದೆ.