ಮೋಡಕ್ಕೆ ಏಣಿ ಹಾಕಿದ ನಾಲ್ವರು

ಕೆಲಸದ ಹೆಸರಿನಲ್ಲೇ ಮೋಡ ಇದ್ದ ಮೇಲೆ ನೆಟ್ಟಗೆ ನಡೆಯುವುದು ಯಾವುದೂ ಇರುವುದಿಲ್ಲ. ಕುಂದಾಪುರದಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಆಫೀಸು. ನಾವು ನಾಲ್ಕೇ ಜನ: ಮಾಲಕರು, ಬೈಂದೂರಿನ ಸಹೋದ್ಯೋಗಿ, ಬ್ರಹ್ಮಾವರದ ನಿವೃತ್ತ ಹೆಡ್‌ಮಾಸ್ಟರು, ಮತ್ತೆ ನಾನು. ಯಾರೋ ಬರೆದ ಸಾಫ್ಟ್‌ವೇರನ್ನು ಒಂದೇ ಆದೇಶಕ್ಕೆ ಎತ್ತಿಕೊಂಡು ಹೋಗಿ, ದೂರದ ದೊಡ್ಡ ಕಂಪ್ಯೂಟರಿನಲ್ಲಿ ಇಟ್ಟು, ಚಾಲೂ ಮಾಡಿ ಬರುವ ಸಣ್ಣ ಪ್ರೋಗ್ರಾಂ ಒಂದನ್ನು ಬರೆಯುವುದು ನಮ್ಮ ಕಸುಬು. ಆ ದೂರದ ಕಂಪ್ಯೂಟರಿಗೆ ಎಲ್ಲರೂ ಕ್ಲೌಡ್ ಅನ್ನುತ್ತಾರೆ. ಅಲ್ಲಿಂದಲೇ ತಾಪತ್ರಯ ಶುರು.

ಹಪ್ಪಳ

ಪಕ್ಕದ ಮನೆಯ ದೊಡ್ಡಮ್ಮ ಒಂದು ದಿನ ಬೇಲಿಯಾಚೆಯಿಂದ, "ಹೆಣೆ, ನೀ ಎಂತ ಕೆಲ್ಸ ಮಾಡುದ್?" ಎಂದು ಕೇಳಿದರು. ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ. "ಮೋಡದ ಕೆಲ್ಸ ದೊಡ್ಡಮ್ಮ" ಎಂದುಬಿಟ್ಟೆ.

ಮುಂದಿನ ಭಾನುವಾರ ಅಂಗಳದಲ್ಲಿ ನಿಂತು ಮಾಲಕರ ಹತ್ತಿರ ಫೋನಿನಲ್ಲಿ ಕೂಗಾಡುತ್ತಿದ್ದೆ. "ನಮ್ಮ ಮೋಡ ಪೂರ್ತಿ ಕೆಳಗೆ ಬಂದಿದೆ ಸಾರ್! ಇವತ್ತು ಏನೂ ಮಾಡುವ ಹಾಗಿಲ್ಲ!"

ಸಂಜೆ ನೋಡಿದರೆ ದೊಡ್ಡಮ್ಮನ ಹಲಸಿನ ಹಪ್ಪಳವೆಲ್ಲ ಜಗಲಿಯಲ್ಲಿ ಫ್ಯಾನಿನ ಕೆಳಗೆ ಒದ್ದೆಯಾಗಿ ಮಲಗಿವೆ. ಅಂದು ಇಡೀ ದಿನ ತಲೆ ಸೀಳುವ ಬಿಸಿಲು. "ನೀನೇ ಅಲ್ದಾ ಮೋಡ ಕೆಳ್ಗ್ ಬಂತ್ ಅಂದದ್?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಅದು ಆ ಮೋಡ ಅಲ್ಲ, ಕಂಪ್ಯೂಟರು ಎಂದು ಕಾಲು ಗಂಟೆ ವಿವರಿಸಿದೆ.

ಎಲ್ಲ ಕೇಳಿ ದೊಡ್ಡಮ್ಮ ಹೇಳಿದರು: "ಹಾಂಗಾರೆ ನಿನ್ನ ಮೋಡ್ದಗೆ ಮಳೆಯೂ ಇಲ್ಲ, ನೆರಳೂ ಇಲ್ಲ. ಮತ್ತೆಂತಕ್ ನಿಂಗೆ ಸಂಬ್ಳ ಕೊಡ್ತ್ರ್?"

ಎಕ್ಸ್‌ಪ್ರೆಸ್

ಹೈವೇ ಅಗಲ ಮಾಡುತ್ತಿದ್ದ ಕಾಲ. ಜೆಸಿಬಿ ಮಣ್ಣಿಗೆ ಕೈ ಹಾಕಿದಲ್ಲೆಲ್ಲ ಒಂದು ಕೇಬಲ್ಲು ಕಡಿಯುತ್ತಿತ್ತು. ಬೈಂದೂರಿನ ಸಹೋದ್ಯೋಗಿ ಶನಿವಾರ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಅಂಥ ಒಂದು ಶನಿವಾರ ಅವನು ಕಳಿಸುತ್ತಿದ್ದ ದೊಡ್ಡ ಫೈಲು ನೂರರಲ್ಲಿ ಹನ್ನೆರಡಕ್ಕೆ ಬಂದು ಕುಳಿತುಬಿಟ್ಟಿತು. ಇನ್ನೆಷ್ಟು ಹೊತ್ತು ಎಂದು ತೋರಿಸುವ ಲೆಕ್ಕಾಚಾರವನ್ನು ನಾನೇ ಬರೆದಿದ್ದೆ. ಅದು "ಇನ್ನು ನಲವತ್ತು ದಿನ" ಎಂದು ತೋರಿಸಿತು.

ಗಿರಾಕಿಯೋ ಫೋನಿನ ಮೇಲೆ ಫೋನು. ಸಹೋದ್ಯೋಗಿ ನನಗೆ ಫೋನು ಮಾಡಿ, "ಅದ್ ಹೋಪುದಲ್ಲ ಮಾರಾಯ್ತಿ, ನಾ ಬಸ್ಸಿಗ್ ಹತ್ಕಂಡ್ ಬತ್ತೆ" ಎಂದ. ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕುಂದಾಪುರಕ್ಕೆ ಬಂದಿಳಿದ, ಒಂದು ಚಾ ಕುಡಿದ, ಮಹಡಿ ಹತ್ತಿದ. ನಮ್ಮ ಆಫೀಸಿನ ಲೈನು ಅಂದು ಹೇಗೋ ಬದುಕಿತ್ತು, ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಬೈಂದೂರಿನ ಮನೆಯಲ್ಲಿ ಬಿಟ್ಟುಬಂದ ಕಂಪ್ಯೂಟರು ಆಗಷ್ಟೇ ಹದಿಮೂರಕ್ಕೆ ಮುಟ್ಟಿತೆಂದು ಅವನ ತಂಗಿ ಫೋನು ಮಾಡಿ ಸಂಭ್ರಮದಿಂದ ತಿಳಿಸಿದಳು.

ಗಿರಾಕಿಗೆ ಆಶ್ಚರ್ಯ. "ಇದ್ದಕ್ಕಿದ್ದಂತೆ ಇಷ್ಟು ವೇಗ ಹೇಗೆ ಬಂತು? ಯಾವ ಸರ್ವಿಸ್ ಬಳಸಿದಿರಿ?"

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. "ಎಕ್ಸ್‌ಪ್ರೆಸ್ ಸರ್ವಿಸ್" ಎಂದೆ.

ಏಳು ಹ್ವಾಯ್, ಎರಡು ಹೋಪ

ಇದೇ ಸಹೋದ್ಯೋಗಿಗೆ ಪರದೆಯ ಮೇಲೆ ಬರುವ ಸಂದೇಶಗಳನ್ನು ಬರೆಯುವ ಕೆಲಸ ಕೊಟ್ಟಿದ್ದರು. ಆಮೇಲೆ ಬದಲಾಯಿಸಿದರಾಯಿತು ಎಂದು ಅವನು ತಾತ್ಕಾಲಿಕವಾಗಿ ಊರ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿದ್ದ. ಆ ಕಡೆಯಿಂದ ಉತ್ತರ ಬಾರದಿದ್ದರೆ "ಹ್ವಾಯ್". ಮೂರು ಸಲ ಕರೆದರೂ ಬಾರದಿದ್ದರೆ "ಹೋಪ", ಅಂದರೆ ಹೋಗೋಣ, ಎಂದು ಹೇಳಿ ಪ್ರೋಗ್ರಾಂ ಮುಚ್ಚಿಕೊಳ್ಳುತ್ತಿತ್ತು. ಬದಲಾಯಿಸುವುದು ಮರೆತೇಹೋಯಿತು. ಪ್ರೋಗ್ರಾಂ ಹಾಗೇ ಪುಣೆಯ ಗಿರಾಕಿಯನ್ನು ಸೇರಿತು.

ಅಲ್ಲಿನ ಇಂಜಿನಿಯರ್ ಮೇಡಂ ಫೋನು ಮಾಡಿದರು. "ಎಚ್, ವಿ, ಎ, ಎ, ವೈ ಅಂತ ಒಂದು ದೋಷ ಬರ್ತಿದೆ. ಮ್ಯಾನುಯಲ್ಲಿನಲ್ಲಿ ಎಲ್ಲೂ ಇಲ್ಲ. ಏನದು?"

ಮಾಲಕರು ಒಂದು ಕ್ಷಣ ಸಹೋದ್ಯೋಗಿಯನ್ನು ದುರುಗುಟ್ಟಿ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಹೋಸ್ಟ್ ವೆರಿ ಅವೇ, ಆಸ್ಕಿಂಗ್ ಯೂ" ಎಂದರು.

"ಮತ್ತೆ ಎಚ್, ಓ, ಪಿ, ಎ?"

"ಹೋಸ್ಟ್ ಆಫ್‌ಲೈನ್, ಪ್ಲೀಸ್ ಅಟೆಂಡ್."

ಮೇಡಂ ಎರಡನ್ನೂ ಶ್ರದ್ಧೆಯಿಂದ ಬರೆದುಕೊಂಡರು. ಮುಂದಿನ ಆವೃತ್ತಿಯಲ್ಲಿ ತೆಗೆಯುತ್ತೇವೆ ಎಂದರೆ ಅವರು ಬಿಡಲಿಲ್ಲ. ನಮ್ಮವರಿಗೆಲ್ಲ ಬಾಯಿಪಾಠ ಆಗಿದೆ, ಇರಲಿ ಎಂದರು. ಅಂದಿನಿಂದ ಪ್ರತಿ ಸೋಮವಾರ ಪುಣೆಯಿಂದ ಗಂಭೀರವಾದ ವರದಿ ಬರುತ್ತಿತ್ತು: ಕಳೆದ ವಾರ ಏಳು ಹ್ವಾಯ್, ಎರಡು ಹೋಪ.

ಯೋಚಿಸಿ ಹೇಳುತ್ತೇನೆ

ಹೆಡ್‌ಮಾಸ್ಟರು ನಮ್ಮ ಮಾಲಕರಿಗೆ ಪಾಠ ಹೇಳಿದವರು. ತಪ್ಪು ಹುಡುಕುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು ಮಾಲಕರೇ ಕರೆತಂದು ಪ್ರೋಗ್ರಾಂ ಪರೀಕ್ಷಿಸಲು ಕೂರಿಸಿದ್ದರು.

ಅಂದು ಹನ್ನೊಂದು ಗಂಟೆಗೆ ಕೊಲ್ಲೂರಿನ ಲಾಡ್ಜೊಂದರ ಮ್ಯಾನೇಜರು ಬರುವವರಿದ್ದರು. ಅವರ ರೂಮ್ ಬುಕಿಂಗ್ ವೆಬ್‌ಸೈಟನ್ನು ನಾವು ಮೇಲೇರಿಸಿ ಇಟ್ಟಿದ್ದೆವು. ಅವರು ಒಪ್ಪಿದರೆ ಊರಿನಲ್ಲಿ ನಮಗೆ ಸಿಗುವ ಮೊದಲ ಗಿರಾಕಿ. ಹತ್ತು ಮುಕ್ಕಾಲಕ್ಕೆ ಹೆಡ್‌ಮಾಸ್ಟರು, ಇನ್ನೊಮ್ಮೆ ನೋಡಿಬಿಡುತ್ತೇನೆ ಎಂದು ಕುಳಿತರು. ಎಲ್ಲ ಆದೇಶಗಳನ್ನೂ ಒಂದೊಂದಾಗಿ ಕೊಡುತ್ತಾ ಬಂದರು. ಪ್ರೋಗ್ರಾಂ ಕೇಳಿತು: "ಇಡೀ ವೆಬ್‌ಸೈಟನ್ನು ಅಳಿಸಲೇ? ಹೌದಾದರೆ ವೈ, ಇಲ್ಲವಾದರೆ ಎನ್."

ಹೆಡ್‌ಮಾಸ್ಟರು ದುಡುಕುವ ಮನುಷ್ಯರಲ್ಲ. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ, "ಯೋಚಿಸಿ ಹೇಳುತ್ತೇನೆ" ಎಂದು ಒತ್ತಿದರು.

ಉತ್ತರದ ಮೊದಲ ಅಕ್ಷರವನ್ನಷ್ಟೇ ನೋಡಿದರೆ ಸಾಕು ಎಂದು ಸೋಮಾರಿತನದಿಂದ ಬರೆದಿಟ್ಟವಳು ನಾನು. ಯೋಚಿಸಿ ಎನ್ನುವುದರ ಮೊದಲ ಅಕ್ಷರ ವೈ. "ಅಳಿಸಲಾಗಿದೆ. ಧನ್ಯವಾದಗಳು" ಎಂದು ಕನ್ನಡ ಅಕ್ಷರದಲ್ಲೇ ಬರೆಯಿತು ಪರದೆ.

"ನಾನಿನ್ನೂ ಯೋಚಿಸಲೇ ಇಲ್ಲವಲ್ಲ!" ಎಂದರು ಹೆಡ್‌ಮಾಸ್ಟರು.

ಕೂಡಲೇ ಕೀಬೋರ್ಡನ್ನು ನನ್ನ ಕಡೆ ಎಳೆದುಕೊಂಡೆ. ವೆಬ್‌ಸೈಟಿನ ಒಂದು ಪ್ರತಿ ನನ್ನ ಹತ್ತಿರ ಇತ್ತು, ಆದರೆ ಮತ್ತೆ ಮೇಲೇರಿಸಲು ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಮ್ಯಾನೇಜರು ಮೆಟ್ಟಿಲು ಹತ್ತಿ ಒಳಗೆ ಬಂದೇಬಿಟ್ಟರು. ಬಂದವರು ಹೆಡ್‌ಮಾಸ್ಟರನ್ನು ಕಂಡು ಗಕ್ಕನೆ ನಿಂತರು. ಅವರೂ ಇವರ ಶಿಷ್ಯರೇ!

"ಏನಪ್ಪ, ಈಗಲಾದರೂ ಒತ್ತಕ್ಷರ ಸರಿಯಾಗಿ ಬರೆಯುತ್ತೀಯೋ?" ಎಂದು ಹೆಡ್‌ಮಾಸ್ಟರು ಒಂದು ಕಾಗದ ಮುಂದಿಟ್ಟರು. ಐವತ್ತು ದಾಟಿದ ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತಾ ಇಪ್ಪತ್ತು ನಿಮಿಷ ಉಕ್ತಲೇಖನ ಬರೆದರು. ಅವರು ತಲೆ ಎತ್ತುವುದರೊಳಗೆ ವೆಬ್‌ಸೈಟು ತನ್ನ ಜಾಗದಲ್ಲಿತ್ತು. ನೋಡಿದರು, ಒಪ್ಪಿದರು, ಚಾ ಸಹ ಕುಡಿಯದೆ ಮೆಟ್ಟಿಲಿಳಿದರು.

ಮಧ್ಯಾಹ್ನ ಹೆಡ್‌ಮಾಸ್ಟರು ಕೆಂಪು ಶಾಯಿಯಲ್ಲಿ ಬರೆದ ವರದಿಯನ್ನು ನನ್ನ ಮೇಜಿನ ಮೇಲೆ ಇಟ್ಟರು. "ಈ ಪ್ರೋಗ್ರಾಮಿಗೆ ಪೂರ್ತಿ ಮಾತು ಕೇಳುವ ತಾಳ್ಮೆ ಇಲ್ಲ. ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುವ ಮಕ್ಕಳ ಹಾಗಿದೆ. ನೂರಕ್ಕೆ ಎಂಟು."

ಮಾಡಿದ ತಪ್ಪಿಗೆ ಸೊನ್ನೆ ಸಿಕ್ಕಿದ್ದರೂ ನಾನು ತಕರಾರು ಮಾಡುತ್ತಿರಲಿಲ್ಲ. ತಲೆ ತಗ್ಗಿಸಿಯೇ ಕೇಳಿದೆ: "ಆ ಎಂಟು ಯಾವುದಕ್ಕೆ ಸಾರ್?"

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು: "'ಅಳಿಸಲಾಗಿದೆ' ಅಂತ ಬರೆಯಿತಲ್ಲ, ಅಕ್ಷರ ದುಂಡಗಿತ್ತು."