ಡಾಕ್ಟರ ಹದಿನಾರು ಮನೆಗಳು

ಇನ್ನೊಬ್ಬರು ಕೆಲಸ ಮಾಡುವುದನ್ನು ನೋಡುತ್ತ ಕೂರುವುದಕ್ಕಿಂತ ಸುಖವಾದ ಉದ್ಯೋಗ ಬೇರೊಂದಿಲ್ಲ ಎಂದು ಬಹಳ ಕಾಲ ನಂಬಿದ್ದವನು ನಾನು. ಹೆಂಡತಿ ಮುದ್ದೆ ತಿರುವುವಾಗ ಈ ಸುಖ ಅನುಭವಿಸಲು ಹೋಗಿ ಬೈಸಿಕೊಂಡದ್ದೂ ಉಂಟು. ಎಂಬತ್ತರ ದಶಕದ ಕೊನೆಯಲ್ಲಿ ಶಿಡ್ಲಘಟ್ಟದ ಕಡೆಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ಗುಮಾಸ್ತನಾಗಿದ್ದೆ. ಡಾಕ್ಟರು ಎಷ್ಟು ಹೊತ್ತು ಕೆಲಸ ಮಾಡುತ್ತಾರೆ, ಅವರಿಗೆ ಏನೇನು ಸಲಕರಣೆ ಬೇಕು ಎಂಬುದನ್ನು ಅರ್ಧ ಗಂಟೆಗೊಮ್ಮೆ ನೋಡಿ ಬರೆಯತಕ್ಕದ್ದು ಎಂದು ಮೇಲಿನ ಕಚೇರಿಯಿಂದ ಆದೇಶ ಬಂದಾಗ ಮನಸ್ಸಿನಲ್ಲೇ ಹೋಳಿಗೆ ತಿಂದೆ.

ನಮಗಿದ್ದದ್ದು ಒಬ್ಬರೇ ಡಾಕ್ಟರು. ತೆಳ್ಳನೆಯ, ಮಾತು ಕಡಿಮೆಯ ಮನುಷ್ಯ. ಕ್ವಾರ್ಟರ್ಸು ಆಸ್ಪತ್ರೆಯ ಹಿಂದೆಯೇ ಇದ್ದದ್ದರಿಂದ ಡ್ಯೂಟಿ ಎಲ್ಲಿ ಮುಗಿದು ಮನೆ ಎಲ್ಲಿ ಶುರುವಾಗುತ್ತದೆಂದು ಅವರ ಹೆಂಡತಿಗೇ ತಿಳಿಯುತ್ತಿರಲಿಲ್ಲ. ಆದೇಶದ ಜೊತೆ ಫಾರಂ ಕಳಿಸಿದವರಿಗೆ ಮಾತ್ರ ತಿಳಿದಿತ್ತು: ಒಂಬತ್ತರಿಂದ ಐದರವರೆಗೆ, ಅರ್ಧ ಗಂಟೆಗೊಂದರಂತೆ ಹದಿನಾರು ಮನೆ ಗೀಚಿದ್ದರು. ಐದರ ಆಚೆ ಬಂದ ಚೇಳು ಕಡಿದವರನ್ನು ಎಲ್ಲಿ ಬರೆಯಲಿ ಎಂದು ಪತ್ರ ಹಾಕಿದೆ. ಮನೆಯಿಲ್ಲದ್ದನ್ನು ಬರೆಯತಕ್ಕದ್ದಲ್ಲ ಎಂದು ಉತ್ತರ ಬಂತು. ಸಲಕರಣೆಯ ಕಡೆ ಡಾಕ್ಟರು ಕೈಗವಸು, ಆಸ್ಪತ್ರೆಯ ಜೀಪಿಗೊಂದು ಬ್ಯಾಟರಿ, ಗಾಯ ಹೊಲಿಯಲು ರೇಷ್ಮೆ ದಾರ ಎಂದು ಬರೆಸಿದರು. ಬೀದಿ ಬೀದಿಯಲ್ಲೂ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಸೀಮೆಯಲ್ಲಿ ಆಸ್ಪತ್ರೆಗೆ ದಾರವಿಲ್ಲ ಎನ್ನಲು ನನಗೇ ನಾಚಿಕೆಯಾಯಿತು. ಮೇಲಿನವರೂ ನಂಬಲಿಲ್ಲ, ‘ಸ್ಥಳೀಯವಾಗಿ ಹೇರಳವಾಗಿ ದೊರೆಯುತ್ತದೆ’ ಎಂದು ಕೆಂಪು ಮಸಿಯಲ್ಲಿ ಹೊಡೆದು ಹಾಕಿದರು. ಬ್ಯಾಟರಿ ಔಷಧಿಯಲ್ಲವೆಂದು ಅದನ್ನೂ ಹೊಡೆದರು.

ಒಂದು ಬೆಳಿಗ್ಗೆ ಸಾದಲಿ ಕಡೆಯಿಂದ ಮುನಿವೆಂಕಟಮ್ಮ ಎಂಬ ಮುದುಕಿ ಹೆರಿಗೆ ನೋವಿನ ಸೊಸೆಯನ್ನು ಎತ್ತಿನ ಗಾಡಿಯಲ್ಲಿ ಕರೆತಂದಳು. ಮಗು ಅಡ್ಡ ತಿರುಗಿದೆ, ಚಿಕ್ಕಬಳ್ಳಾಪುರಕ್ಕೆ ಸಾಗಿಸಲೇಬೇಕು ಎಂದರು ಡಾಕ್ಟರು. ಅವಳನ್ನು ಜೀಪಿನಲ್ಲಿ ಮಲಗಿಸಿದ್ದಾಯಿತು. ಡ್ರೈವರು ಕೀ ತಿರುಗಿಸಿದರೆ ಜೀಪು ಒಮ್ಮೆ ನರಳಿ ಸುಮ್ಮನಾಯಿತು. ಡಾಕ್ಟರು ಅಂಗಿಯ ತೋಳು ಮಡಚಿ ಹಿಂದಿನಿಂದ ತಳ್ಳತೊಡಗಿದರು. ಅಷ್ಟರಲ್ಲಿ ನನ್ನ ಅರ್ಧ ಗಂಟೆ ಆಗಿತ್ತು. ಫಾರಂ ಹಿಡಿದು ಅವರ ಪಕ್ಕದಲ್ಲೇ ಓಡುತ್ತ ಕೇಳಿದೆ.

“ಸಾರ್, ಇದನ್ನ ರೋಗಿ ತಪಾಸಣೆ ಅಂತ ಬರ್ಕೊಳ್ಲಾ, ಇತರೆ ಅಂತ ಬರ್ಕೊಳ್ಲಾ?”

ಉತ್ತರಿಸಿದ್ದು ಮುದುಕಿ. “ಬರ್ಯೋದು ಆಮೇಲ್ ಬರ್ಕೊಳಪ್ಪ, ಮುಂದು ತೊಯ್ಯಿ.”

ಮೊದಲು ತಳ್ಳು ಎಂದದ್ದು. ಭಯ ಹತ್ತಿದರೆ ನಮ್ಮ ಕಡೆಯವರಿಗೆ ಕನ್ನಡವೊಂದೇ ಸಾಲುವುದಿಲ್ಲ, ತೆಲುಗೂ ಬೇಕು. ಅಷ್ಟರಲ್ಲಿ ಒಳಗೆ ಸೊಸೆಯ ನರಳಾಟ ಇದ್ದಕ್ಕಿದ್ದಂತೆ ನಿಂತಿತು. ಫಾರಂ ಎಲ್ಲಿ ಬಿಸಾಡಿದೆನೋ ಗೊತ್ತಿಲ್ಲ, ಹೆಗಲು ಕೊಟ್ಟು ತಳ್ಳಿದೆ. ಕೆರೆಯ ಇಳಿಜಾರಿನಲ್ಲಿ ಜೀಪು ಕೆಮ್ಮಿ ಹೊರಟಿತು. ಡಾಕ್ಟರು ಹಾರಿ ಹತ್ತಿಕೊಂಡರು. ನಾನು ಬೋರಲು ಬಿದ್ದೆ. ನಡು ಕಟಕ್ಕೆಂದಿತು.

ಸಂಜೆ ಸುದ್ದಿ ಬಂತು: ಹೆಣ್ಣು ಮಗು, ತಾಯಿಯೂ ಕ್ಷೇಮ. ಆ ಖುಷಿಯಲ್ಲಿ ನಾನು ಇದ್ದದ್ದನ್ನು ಇದ್ದ ಹಾಗೆ, ‘ಡಾಕ್ಟರು ಜೀಪು ತಳ್ಳಿದರು, ನಾನೂ ತಳ್ಳಿದೆ’ ಎಂದು ಬೇರೊಂದು ಫಾರಂನಲ್ಲಿ ಬರೆದು ಕಳಿಸಿದೆ. ಮೆಮೊ ಬಂದದ್ದು ನನಗೆ. ನೋಡಲು ನೇಮಿಸಿದವನು ತಳ್ಳಿದರೆ ನೋಡಿದವರು ಯಾರು ಎಂದು ಕೇಳಿದ್ದರು. ಪ್ರಶ್ನೆ ನ್ಯಾಯವಾಗಿಯೇ ಇತ್ತು. ಉತ್ತರ ಮುಂದೂಡಲು ರಜೆ ಹಾಕೋಣವೆಂದು ಡಾಕ್ಟರ ಹತ್ತಿರ ಸರ್ಟಿಫಿಕೇಟಿಗೆ ಹೋದೆ. ನಡು ನಿಜವಾಗಿಯೂ ನೋಯುತ್ತಿತ್ತು. ಅವರು ಒತ್ತಿ ನೋಡಿ, ನಗದೆ, ಮೂರು ದಿನ ವಿಶ್ರಾಂತಿ ಎಂದು ಬರೆದುಕೊಟ್ಟರು.

ಮೂರು ದಿನ ಎಣ್ಣೆ ಹಚ್ಚಿಸಿಕೊಂಡು ಮಲಗಿದೆ. ಆ ಮೂರು ದಿನ ಡಾಕ್ಟರನ್ನು ನೋಡಿ ಬರೆಯುವವರು ಇರಲಿಲ್ಲ. ಮನೆಗಳೆಲ್ಲ ಖಾಲಿ ಉಳಿದವು. ಖಾಲಿ ಎಂದರೆ ಗೈರುಹಾಜರಿ ಎಂದು ಓದಿಕೊಂಡ ಮೇಲಿನವರು ಅವರಿಗೆ ನೋಟೀಸು ಕಳಿಸಿದರು. ಅದನ್ನು ಅವರ ಕೈಗೆ ಕೊಟ್ಟು ಸಹಿ ಪಡೆಯುವುದು ಗುಮಾಸ್ತನ ಕೆಲಸ. ಕೊಟ್ಟೆ. ಅವರು ಓದಿದರು, ಸಹಿ ಹಾಕಿದರು, ಆಮೇಲೆ, “ಈಗ ನಡು ಹೇಗಿದೆಯಪ್ಪ?” ಎಂದು ಕೇಳಿದರು.

ಪೂರ್ತಿ ವಾಸಿಯಾಗಿದ್ದ ನಡುವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಇನ್ನೂ ನೋಯ್ತಿದೆ ಸಾರ್ ಎಂದೆ.